ಉಸಿರು ಕಡಿಮೆಯಾದಾಗ ದೇಹದೊಳಗೆ ಏನಾಗುತ್ತದೆ?

ನನ್ನ ಸೋದರಮಾವನಿಗೆ ಎಪ್ಪತ್ತೆರಡು ವರ್ಷ. ನಲವತ್ತು ವರ್ಷ ಬೀಡಿ ಸೇದಿದ ಎದೆಗೂಡು. ಒಂದು ಮಳೆಗಾಲದಲ್ಲಿ ಕಫ ಕಟ್ಟಿ ಆಸ್ಪತ್ರೆ ಸೇರಿ, ವಾರದ ನಂತರ ಮನೆಗೆ ಮರಳಿದಾಗ ಅವರ ಜೊತೆ ಆಮ್ಲಜನಕ ಕೊಡುವ ಕಾನ್ಸಂಟ್ರೇಟರ್ ಯಂತ್ರವೂ ಬಂತು. ನಿಮಿಷಕ್ಕೆ ಒಂದು ಲೀಟರ್ ಸಾಕು ಎಂದು ವೈದ್ಯರು ಹೇಳಿ ಕಳಿಸಿದ್ದರು. ಕೋವಿಡ್ ಕಾಲದಲ್ಲಿ ಕೊಂಡಿದ್ದ ಪಲ್ಸ್ ಆಕ್ಸಿಮೀಟರನ್ನು ಮನೆಯವರು ಬೆರಳಿಗೆ ಸಿಕ್ಕಿಸಿ ನೋಡಿದರೆ 90 ತೋರಿಸಿತು. 94ಕ್ಕಿಂತ ಕೆಳಗಿಳಿದರೆ ಅಪಾಯ ಎಂಬ ಪಾಠ ಆ ಎರಡು ವರ್ಷಗಳಲ್ಲಿ ಎಲ್ಲರ ತಲೆಯಲ್ಲೂ ಗಟ್ಟಿಯಾಗಿ ಕೂತಿತ್ತು. ಯಂತ್ರದ ಗುಂಡಿ ತಿರುಗಿಸಿ ಐದು ಲೀಟರಿಗೆ ಏರಿಸಿದರು. ಸ್ವಲ್ಪ ಹೊತ್ತಿನಲ್ಲೇ 97 ಬಂತು. ಮನೆಯವರಿಗೆಲ್ಲ ಸಮಾಧಾನವಾಯಿತು.

ಅಂದು ಸಂಜೆ ನಾನು ಹೋದಾಗ ಮಾವ ಮಲಗಿದ್ದರು. "ಎಷ್ಟು ದಿನದ ಮೇಲೆ ಹೀಗೆ ನೆಮ್ಮದಿಯಾಗಿ ಮಲಗಿದ್ದಾರೆ ನೋಡು, ಎಬ್ಬಿಸಬೇಡ" ಎಂದರು ಅತ್ತೆ. ಮುಖ ಕೆಂಪೇರಿತ್ತು. ಅಂಗೈ ಬೆಚ್ಚಗಿತ್ತು, ಬೆವರಿತ್ತು. ಹೊದಿಕೆ ಸರಿಸಿ ನೋಡಿದರೆ ಎದೆ ಏರಿ ಇಳಿಯುವುದು ಕಂಡೂ ಕಾಣದ ಹಾಗಿತ್ತು. ಭುಜ ಅಲುಗಿಸಿ ಕೂಗಿದಾಗ ಕಣ್ಣು ಬಿಟ್ಟು ಏನೋ ತೊದಲಿ ಮತ್ತೆ ಮುಚ್ಚಿದರು. ಎತ್ತಿ ಕೂರಿಸಿ, ಎರಡೂ ಕೈ ಮುಂದೆ ಚಾಚಿ ಅಂಗೈ ಹಿಂದಕ್ಕೆ ಮಡಿಸಲು ಹೇಳಿದೆ. ಕೈ ನಿಲ್ಲಲಿಲ್ಲ. ಹಕ್ಕಿ ರೆಕ್ಕೆ ಬಡಿದಂತೆ ಮಣಿಕಟ್ಟು ಮತ್ತೆ ಮತ್ತೆ ಕೆಳಗೆ ಬೀಳುತ್ತಿತ್ತು. ಆಕ್ಸಿಮೀಟರ್ ಮಾತ್ರ 97 ಎಂದು ತೋರಿಸುತ್ತಲೇ ಇತ್ತು.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದಾಗ, 35ರಿಂದ 45ರೊಳಗೆ ಇರಬೇಕಾದ ಇಂಗಾಲದ ಡೈಆಕ್ಸೈಡ್ ಮಟ್ಟ 84ಕ್ಕೆ ಏರಿತ್ತು. ಅದು ನಿದ್ದೆಯಾಗಿರಲಿಲ್ಲ, ಪ್ರಜ್ಞೆ ತಪ್ಪುವುದಕ್ಕೆ ಮುಂಚಿನ ಮಂಪರು.

ಏದುಸಿರು ಬಿಡುವವರನ್ನು ಕಂಡರೆ ಮನೆಮಂದಿಯೆಲ್ಲ ಓಡಿಬರುತ್ತಾರೆ. ಉಸಿರು ಕುಗ್ಗಿದವರನ್ನು ಕಂಡರೆ ದೀಪ ಆರಿಸಿ ಬಾಗಿಲು ಮುಂದೆ ಮಾಡಿ ಹೊರಗೆ ಬರುತ್ತಾರೆ. ಎರಡನೆಯದೂ ಮೊದಲನೆಯದರಷ್ಟೇ ಅಪಾಯ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಈಗ ಊರೂರಿನ ಮನೆಗಳಲ್ಲಿ ಆಕ್ಸಿಮೀಟರ್ ಇದೆ, ಹಲವು ಮನೆಗಳಲ್ಲಿ ಆಮ್ಲಜನಕದ ಯಂತ್ರವೂ ಇದೆ. ಹಾಗಾಗಿ ಈ ವಿಷಯವನ್ನು ಬುಡದಿಂದ ತಿಳಿದುಕೊಳ್ಳುವುದು ಅಗತ್ಯ.

ನಿಮಿಷಕ್ಕೆ ಎಷ್ಟು, ಒಂದು ಸಲಕ್ಕೆ ಎಷ್ಟು

ಸುಮ್ಮನೆ ಕುಳಿತಿರುವ ಆರೋಗ್ಯವಂತ ವಯಸ್ಕರು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಹಸುಗೂಸಿನ ಉಸಿರಾಟ ಇದರ ಎರಡು ಮೂರು ಪಟ್ಟು, ಅಂದರೆ ಸುಮಾರು 40ರಿಂದ 60. ವಯಸ್ಕರಲ್ಲಿ 12ಕ್ಕಿಂತ ಕೆಳಗಿಳಿದರೆ ಅದನ್ನು ವೈದ್ಯರು ಬ್ರಾಡಿಪ್ನಿಯಾ ಎನ್ನುತ್ತಾರೆ. ನಿಧಾನವಾದ ಉಸಿರು ಎಂದಷ್ಟೇ ಅದರ ಅರ್ಥ. ಹೈಪೋವೆಂಟಿಲೇಶನ್ ಎಂಬುದು ಇದಕ್ಕಿಂತ ದೊಡ್ಡ ಮಾತು: ದೇಹಕ್ಕೆ ಬೇಕಾದಷ್ಟು ಗಾಳಿ ಶ್ವಾಸಕೋಶದ ಒಳಗೂಡುಗಳಿಗೆ ಹೋಗಿ ಬರದಿರುವ ಸ್ಥಿತಿ. ಉಸಿರಿನ ಎಣಿಕೆ ಕಡಿಮೆಯಾದರೂ ಅದು ಬರಬಹುದು. ಎಣಿಕೆ ಸರಿಯಿದ್ದು, ಪ್ರತಿ ಉಸಿರೂ ಮೇಲುಮೇಲಿನದಾದರೂ ಬರಬಹುದು.

ಮೇಲುಮೇಲಿನ ಉಸಿರು ಏಕೆ ಸಾಲದು ಎಂಬುದಕ್ಕೆ ಮಹಡಿಯ ಮೇಲಿನ ಸೋಲಾರ್ ಹೀಟರನ್ನು ನೆನಪಿಸಿಕೊಳ್ಳಿ. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಮೊದಲು ಬರುವುದು ಕೊಳವೆಯಲ್ಲಿ ನಿಂತಿದ್ದ ತಣ್ಣೀರು. ಅರ್ಧ ಬಕೆಟ್ ಹೋದ ಮೇಲೆ ಬಿಸಿನೀರು ಬರುತ್ತದೆ. ಸ್ವಲ್ಪ ತಿರುಗಿಸಿ ತಕ್ಷಣ ನಿಲ್ಲಿಸಿ, ಕೊಳವೆ ಮತ್ತೆ ತಣ್ಣಗಾದ ಮೇಲೆ ಇನ್ನೊಮ್ಮೆ ತಿರುಗಿಸಿ ನಿಲ್ಲಿಸಿ, ಹೀಗೆ ದಿನವಿಡೀ ಮಾಡಿದರೂ ಸ್ನಾನಕ್ಕೆ ಬಿಸಿನೀರು ಸಿಗದು. ನಮ್ಮ ಮೂಗು, ಗಂಟಲು, ಶ್ವಾಸನಾಳ ಅಂಥ ಕೊಳವೆಗಳು. ಸುಮಾರು 150 ಮಿಲಿಲೀಟರ್ ಗಾಳಿ ಅವುಗಳಲ್ಲೇ ನಿಂತುಬಿಡುತ್ತದೆ. ರಕ್ತಕ್ಕೂ ಗಾಳಿಗೂ ಕೊಡುಕೊಳ್ಳುವಿಕೆ ನಡೆಯುವುದು ಅದರಾಚೆಗಿನ ಪುಟ್ಟ ಪುಟ್ಟ ವಾಯುಕೋಶಗಳಲ್ಲಿ ಮಾತ್ರ.

ಈಗ ಲೆಕ್ಕ ಹಾಕೋಣ. ಸಾಮಾನ್ಯ ಉಸಿರೊಂದು ಸುಮಾರು 500 ಮಿಲಿಲೀಟರ್. ನಿಮಿಷಕ್ಕೆ 12 ಬಾರಿ ಎಂದರೆ ಒಟ್ಟು 6 ಲೀಟರ್. ಪ್ರತಿ ಸಲ ಕೊಳವೆಯ 150 ಕಳೆದರೆ ವಾಯುಕೋಶ ತಲುಪುವುದು 4.2 ಲೀಟರ್. ಇನ್ನೊಬ್ಬರು ನಿಮಿಷಕ್ಕೆ 24 ಬಾರಿ, ಆದರೆ ಸಲಕ್ಕೆ 250 ಮಿಲಿಲೀಟರಿನಷ್ಟೇ ಉಸಿರಾಡುತ್ತಿದ್ದಾರೆ ಎನ್ನಿ. ಒಟ್ಟು ಮೊತ್ತ ಅದೇ 6 ಲೀಟರ್. ಒಳಗೆ ತಲುಪುವುದು ಮಾತ್ರ 2.4 ಲೀಟರ್. ಪ್ರಾಣಾಯಾಮ ಮಾಡುವವರು ನಿಮಿಷಕ್ಕೆ ಆರೇ ಬಾರಿ ಉಸಿರಾಡಿದರೂ ಸಲಕ್ಕೆ ಒಂದು ಲೀಟರ್ ಎಳೆದುಕೊಂಡರೆ 5.1 ಲೀಟರ್ ಒಳಗೆ ಹೋಗುತ್ತದೆ. ಆರು ಎಂಬ ಸಂಖ್ಯೆ ಅವರಲ್ಲಿ ರೋಗದ ಗುರುತಾಗದು. ಮಾತ್ರೆಯ ಮಂಪರಿನಲ್ಲಿ ಬಿದ್ದವರ ಉಸಿರು ಆರಕ್ಕೆ ಇಳಿದರೆ, ಜೊತೆಗೆ ಮೇಲುಮೇಲಿನದೂ ಆದರೆ, ಅದು ಸಾವಿನ ಸಮೀಪದ ಸಂಖ್ಯೆ.

ಉಸಿರಿನ ಅರ್ಧ ಕೆಲಸ ಹೊರಹಾಕುವುದು

ಉಸಿರಾಟ ಎಂದರೆ ಆಮ್ಲಜನಕ ಒಳಗೆ ತರುವುದು ಎಂದಷ್ಟೇ ನಾವು ಯೋಚಿಸುತ್ತೇವೆ. ಒಳಗೆ ಹೋಗುವ ಗಾಳಿಯಲ್ಲಿ ಆಮ್ಲಜನಕ ಶೇ 21ರಷ್ಟಿರುತ್ತದೆ, ಹೊರಬರುವಾಗ ಇನ್ನೂ ಶೇ 16ರಷ್ಟು ಉಳಿದಿರುತ್ತದೆ. ಇಂಗಾಲದ ಡೈಆಕ್ಸೈಡ್ ಮಾತ್ರ ಶೇ 0.04ರಿಂದ ಸುಮಾರು ಶೇ 4ಕ್ಕೆ ಏರಿರುತ್ತದೆ. ಒಲೆಯಿರುವ ಅಡುಗೆಮನೆಗೆ ಹೊಗೆಗೂಡು ಇದ್ದ ಹಾಗೆ ನಮಗೆ ಉಸಿರು. ಹೊಗೆಗೂಡು ಕಟ್ಟಿಕೊಂಡರೆ ಒಲೆ ಉರಿಯುತ್ತಲೇ ಇರುತ್ತದೆ, ಮನೆಯೊಳಗೆ ಹೊಗೆ ತುಂಬುತ್ತದೆ.

ಆ ಹೊಗೆ ಏನು ಮಾಡುತ್ತದೆ? ಗೋಲಿ ಸೋಡಾ ಕುಡಿದವರಿಗೆ ಅದರ ಚುರುಕು ಹುಳಿ ಗೊತ್ತು. ನೀರಿಗೆ ಇಂಗಾಲದ ಡೈಆಕ್ಸೈಡ್ ಬೆರೆತರೆ ಅದು ಆಮ್ಲವಾಗುತ್ತದೆ. ರಕ್ತದಲ್ಲೂ ಆಗುವುದು ಇದೇ. ರಕ್ತದ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 7.35ರಿಂದ 7.45ರ ಸಣ್ಣ ಅಂತರದಲ್ಲೇ ಇರಬೇಕು; ಆಮ್ಲ ಹೆಚ್ಚಿದಂತೆ ಅದು ಇಳಿಯುತ್ತದೆ. ಅದಕ್ಕಿಂತ ಕೆಳಗಿಳಿದಂತೆ ಹೃದಯದ ಲಯ ತಪ್ಪಬಹುದು, ಮಿದುಳು ಮಂಕಾಗುತ್ತದೆ. ಹೆಚ್ಚಾದ ಇಂಗಾಲದ ಡೈಆಕ್ಸೈಡ್ ಅರಿವಳಿಕೆಯ ಹಾಗೆ ಕೆಲಸ ಮಾಡುತ್ತದೆ. ಮೊದಲು ತಲೆನೋವು, ಆಮೇಲೆ ಮಂಪರು, ಗೊಂದಲ, ಕೊನೆಗೆ ಪ್ರಜ್ಞೆ ಇರುವುದಿಲ್ಲ. ರಕ್ತನಾಳಗಳು ಹಿಗ್ಗುವುದರಿಂದ ಮುಖ ಕೆಂಪಾಗಿ ಕೈ ಬೆಚ್ಚಗಾಗುತ್ತದೆ. ಮಾವನ ಮುಖದಲ್ಲಿ ಅತ್ತೆ ಕಂಡ "ಕಳೆ" ಅದೇ ಆಗಿತ್ತು.

ದೇಹ ಈ ಅನಿಲವನ್ನು ಎಷ್ಟು ಕಟ್ಟುನಿಟ್ಟಾಗಿ ಕಾಯುತ್ತದೆ ಎಂಬುದನ್ನು ಕುಳಿತಲ್ಲೇ ತಿಳಿಯಬಹುದು. ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿಯಿರಿ. ಅರ್ಧ ನಿಮಿಷವೋ ಮುಕ್ಕಾಲು ನಿಮಿಷವೋ ಆಗುತ್ತಿದ್ದಂತೆ ಎದೆ ಚಡಪಡಿಸುತ್ತದೆ. ಅಷ್ಟು ಹೊತ್ತಿಗೆ ಆಮ್ಲಜನಕ ಹೆಚ್ಚೇನೂ ಇಳಿದಿರುವುದಿಲ್ಲ. ಚಡಪಡಿಕೆಗೆ ಮುಖ್ಯ ಕಾರಣ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಏರಿದ್ದು. ಕುತ್ತಿಗೆಯ ಹಿಂಭಾಗಕ್ಕೆ ಸಮೀಪ, ಮಿದುಳಿನ ಬುಡದಲ್ಲಿರುವ ಮೆಡುಲ್ಲಾ ಎಂಬ ಭಾಗ ಕ್ಷಣಕ್ಷಣಕ್ಕೂ ಈ ಮಟ್ಟವನ್ನು ಅಳೆದು ಉಸಿರಿನ ವೇಗ ನಿರ್ಧರಿಸುತ್ತದೆ.

ಕೋಪನ್‌ಹೇಗನ್, 1952

ಈ ತಿಳಿವಳಿಕೆ ವೈದ್ಯರಿಗೂ ಸುಲಭವಾಗಿ ಬರಲಿಲ್ಲ. 1952ರ ಬೇಸಿಗೆಯಲ್ಲಿ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿತು. ಬ್ಲೆಗ್ಡಾಮ್ ಆಸ್ಪತ್ರೆಗೆ ದಿನಕ್ಕೆ ಐವತ್ತರಷ್ಟು ರೋಗಿಗಳು ಬರುತ್ತಿದ್ದರು. ಹಲವರಿಗೆ ನುಂಗುವ, ಉಸಿರಾಡುವ ಸ್ನಾಯುಗಳೇ ಸೋತಿದ್ದವು. ಉಸಿರಾಟಕ್ಕೆ ನೆರವು ಬೇಕಾದ ಮೊದಲ 31 ರೋಗಿಗಳಲ್ಲಿ 27 ಮಂದಿ ಸತ್ತರು. ಸಾಯುವ ಮುನ್ನ ಅವರು ಬೆವರುತ್ತಿದ್ದರು, ರಕ್ತದೊತ್ತಡ ಏರುತ್ತಿತ್ತು. ವೈರಸ್ ಮಿದುಳನ್ನೇ ಹಾಳುಮಾಡಿದೆ ಎಂದು ವೈದ್ಯರು ಭಾವಿಸಿದ್ದರು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡಿನ ಒಟ್ಟು ಪ್ರಮಾಣ ಹೆಚ್ಚಿರುವುದು ಪರೀಕ್ಷೆಯಲ್ಲಿ ಕಂಡರೂ ಅದನ್ನು ರಕ್ತ ಕ್ಷಾರವಾಗಿರುವ ಗುರುತು ಎಂದು ಓದಿಕೊಂಡರು.

ಸಲಹೆಗೆಂದು ಕರೆಸಿದ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಬೇರೆಯದನ್ನು ಕಂಡರು. ಇವರ ಉಸಿರು ಸಾಲುತ್ತಿಲ್ಲ, ಅನಿಲ ಹೊರಹೋಗದೆ ಒಳಗೇ ಕೂಡಿಕೊಳ್ಳುತ್ತಿದೆ ಎಂದರು. ಆಗಸ್ಟ್ 27ರಂದು ಸಾವಿನಂಚಿನಲ್ಲಿದ್ದ ಹನ್ನೆರಡು ವರ್ಷದ ಹುಡುಗಿಯ ಗಂಟಲಿಗೆ ರಂಧ್ರ ಮಾಡಿಸಿ ಕೊಳವೆ ಇಳಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಒತ್ತಿ ಗಾಳಿ ತುಂಬಿದರು. ಬೆವರು ನಿಂತಿತು, ರಕ್ತದೊತ್ತಡ ಇಳಿಯಿತು. ಒತ್ತುವುದನ್ನು ಕಡಿಮೆ ಮಾಡಿದಾಗ ಎರಡೂ ಮರಳಿದವು. ಹುಡುಗಿ ಬದುಕಿದಳು.

ಆಸ್ಪತ್ರೆಯಲ್ಲಿ ಅಷ್ಟು ಯಂತ್ರಗಳಿರಲಿಲ್ಲ. ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಾಸಿಗೆಯ ಪಕ್ಕ ಕುಳಿತು ಹಗಲಿರುಳು ಚೀಲ ಒತ್ತಿದರು. 100ಕ್ಕೆ 87ರಷ್ಟಿದ್ದ ಸಾವು ತಿಂಗಳುಗಳೊಳಗೆ ಅದರ ಅರ್ಧಕ್ಕಿಂತ ಕೆಳಗಿಳಿಯಿತು. ಇಂದಿನ ತೀವ್ರ ನಿಗಾ ಘಟಕ ಹುಟ್ಟಿದ್ದು ಆ ಅನುಭವದಿಂದ. ಈ ಕಥೆಯನ್ನು ನಾನು ಎಷ್ಟು ಸಲ ಓದಿದರೂ ನನ್ನ ಮನಸ್ಸು ನಿಲ್ಲುವುದು ಆ ವಿದ್ಯಾರ್ಥಿಗಳ ಬಳಿ: ಔಷಧಿಯಿಲ್ಲದೆ, ಬರಿಯ ಗಾಳಿ ತುಂಬುತ್ತ ವಾರಗಟ್ಟಲೆ ಜೀವ ಹಿಡಿದಿಟ್ಟವರು.

ಅಪ್ಪಣೆ ಎಲ್ಲಿ ತಪ್ಪುತ್ತದೆ

ಒಂದು ಉಸಿರು ನಡೆಯಬೇಕಾದರೆ ಮಿದುಳು ಅಪ್ಪಣೆ ಕೊಡಬೇಕು, ನರ ಅದನ್ನು ಒಯ್ಯಬೇಕು, ಸ್ನಾಯು ಎಳೆಯಬೇಕು, ಎದೆಗೂಡು ಹಿಗ್ಗಬೇಕು, ಗಾಳಿಯ ದಾರಿ ತೆರೆದಿರಬೇಕು. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ಉಸಿರು ಕುಗ್ಗುತ್ತದೆ.

ಅಪ್ಪಣೆ ಕೊಡುವ ಮಿದುಳನ್ನೇ ಮಂಕಾಗಿಸುವುದರಲ್ಲಿ ಔಷಧಿಗಳು ಮೊದಲ ಸಾಲಿನಲ್ಲಿ ನಿಲ್ಲುತ್ತವೆ. ಮಾರ್ಫಿನ್, ಫೆಂಟನಿಲ್, ಟ್ರಮಡಾಲ್, ಕೊಡೀನ್ ಇವೆಲ್ಲ ಅಫೀಮಿನ ವರ್ಗದ ನೋವುನಿವಾರಕಗಳು. ಹೆರಾಯಿನ್ ಕೂಡ ಅದೇ ಬಳಗ. ಇಂಗಾಲದ ಡೈಆಕ್ಸೈಡ್ ಏರಿದರೂ ಮೆಡುಲ್ಲಾ ಎಚ್ಚೆತ್ತುಕೊಳ್ಳದಂತೆ ಇವು ಮಾಡುತ್ತವೆ. ಅತಿಯಾದಾಗ ಮೂರು ಗುರುತು ಒಟ್ಟಿಗೆ ಕಾಣುತ್ತವೆ: ಎಬ್ಬಿಸಲಾಗದ ನಿದ್ದೆ, ಸೂಜಿಮೊನೆಯಷ್ಟಾದ ಕಣ್ಣಿನ ಪಾಪೆ, ನಿಧಾನವಾದ ಉಸಿರು. ಅಮೆರಿಕದಲ್ಲಿ 2021ರಿಂದ 2023ರವರೆಗೆ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನ ಮಾದಕದ್ರವ್ಯ ಮತ್ತು ಔಷಧಿಗಳ ಅತಿ ಸೇವನೆಯಿಂದ ಸತ್ತರು. ಅದರಲ್ಲಿ ಬಹುಪಾಲು ಫೆಂಟನಿಲ್ ಜಾತಿಯವುಗಳಿಂದ. ಇದಕ್ಕೆ ನಲೋಕ್ಸೋನ್ ಎಂಬ ಪ್ರತಿಮದ್ದು ಇದೆ. ನಿಮಿಷಗಳಲ್ಲಿ ಉಸಿರನ್ನು ಮರಳಿಸುತ್ತದೆ, ಆದರೆ ಅದರ ಪ್ರಭಾವ ಗಂಟೆಯೊಳಗೋ ಒಂದೂವರೆ ಗಂಟೆಯೊಳಗೋ ಇಳಿಯುತ್ತದೆ. ಮೂಲ ಔಷಧಿ ಇನ್ನೂ ರಕ್ತದಲ್ಲಿದ್ದರೆ ರೋಗಿ ಮತ್ತೆ ಮಂಪರಿಗೆ ಜಾರಬಹುದು. ಎಚ್ಚರವಾದರು ಎಂದು ಮನೆಗೆ ಕರೆದೊಯ್ಯಬಾರದು ಎನ್ನುವುದು ಇದಕ್ಕೇ.

ನಮ್ಮ ಮನೆಗಳಿಗೆ ಹತ್ತಿರವಾದದ್ದು ಕೆಮ್ಮಿನ ಸಿರಪ್. ಕೆಲವು ಸಿರಪ್‌ಗಳಲ್ಲಿ ಕೊಡೀನ್ ಇರುತ್ತದೆ. ಯಕೃತ್ತಿನಲ್ಲಿ ಅದು ಮಾರ್ಫಿನ್ ಆಗಿ ಬದಲಾಗುತ್ತದೆ. ಹುಟ್ಟಿನಿಂದಲೇ ಕೆಲವರಲ್ಲಿ ಈ ಬದಲಾವಣೆ ಬಹಳ ವೇಗವಾಗಿ ಆಗುತ್ತದೆ, ಯಾರಲ್ಲಿ ಎಂದು ಹೊರಗಿನಿಂದ ತಿಳಿಯದು. ಮಕ್ಕಳಲ್ಲಿ ಸಾವುಗಳಾದ ಮೇಲೆ 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹನ್ನೆರಡು ವರ್ಷದೊಳಗಿನವರಿಗೆ ಕೊಡೀನ್ ಕೊಡಲೇಬಾರದು ಎಂದು ಎಚ್ಚರಿಸಿತು. ದೊಡ್ಡವರಿಗೆ ತಂದ ಸಿರಪ್ಪನ್ನು ಅರ್ಧ ಚಮಚವೆಂದು ಮಗುವಿಗೆ ಕುಡಿಸುವ ರೂಢಿ ಬಿಡಬೇಕು. ನಿದ್ದೆಗೆಂದು ನುಂಗುವ ಆಲ್ಪ್ರಜೋಲಾಮ್, ಡಯಾಜಪಾಮ್‌ನಂಥ ಮಾತ್ರೆಗಳು ಒಂಟಿಯಾಗಿ ಅಷ್ಟು ಉಸಿರು ಕುಗ್ಗಿಸುವುದಿಲ್ಲ. ಮದ್ಯವೋ ಅಫೀಮಿನ ವರ್ಗದ ನೋವಿನ ಮಾತ್ರೆಯೋ ಜೊತೆಗೂಡಿದರೆ ಒಂದರ ಬಲ ಇನ್ನೊಂದಕ್ಕೆ ಸೇರುತ್ತದೆ.

ಇಷ್ಟು ಹೇಳಿ ಒಂದು ಮಾತು ಸೇರಿಸದಿದ್ದರೆ ಅನ್ಯಾಯವಾಗುತ್ತದೆ. ಕ್ಯಾನ್ಸರ್ ನೋವಿಗೆ ವೈದ್ಯರು ಅಳೆದು ಕೊಡುವ ಮಾರ್ಫಿನ್ ಭಯಪಡುವ ವಸ್ತುವಲ್ಲ. ನೋವು ಉಳಿಸಿಕೊಂಡು ನರಳಬೇಕಿಲ್ಲ. ಪ್ರಮಾಣವನ್ನು ತಾವಾಗಿ ಏರಿಸದಿದ್ದರೆ ಸಾಕು. ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿಯ ಮೇಲೆ ಬಿಸಿನೀರಿನ ಚೀಲ ಇಡಬಾರದು. ಶಾಖಕ್ಕೆ ಔಷಧಿ ಹೆಚ್ಚಾಗಿ ಒಳಗಿಳಿಯುತ್ತದೆ.

ಮಿದುಳಿನ ಬುಡದ ಪಾರ್ಶ್ವವಾಯು, ತಲೆಗೆ ಬಿದ್ದ ಪೆಟ್ಟಿನಿಂದ ಒಳಗಿನ ಒತ್ತಡ ಏರುವುದು, ಚಿಕಿತ್ಸೆ ಇಲ್ಲದೆ ಕೆಲಸ ತೀರಾ ಮಂದವಾದ ಥೈರಾಯ್ಡ್ ಇವೂ ಅಪ್ಪಣೆಯನ್ನು ಕುಗ್ಗಿಸುತ್ತವೆ. ಬಹಳ ಅಪರೂಪವಾಗಿ ಮಗು ಹುಟ್ಟಿನಿಂದಲೇ ಈ ತೊಂದರೆ ಹೊತ್ತು ಬರುತ್ತದೆ. ಎಚ್ಚರವಿದ್ದಾಗ ಉಸಿರಾಡುತ್ತದೆ, ನಿದ್ದೆ ಹೋದೊಡನೆ ಉಸಿರು ಕುಗ್ಗಿಹೋಗುತ್ತದೆ. ಫಾಕ್ಸ್2ಬಿ ಎಂಬ ಜೀನ್‌ನ ದೋಷ ಇದಕ್ಕೆ ಕಾರಣವೆಂದು 2003ರಲ್ಲಿ ತಿಳಿಯಿತು. ಅಂಥ ಮಕ್ಕಳು ಪ್ರತಿ ರಾತ್ರಿ ಯಂತ್ರದ ಆಸರೆಯಲ್ಲೇ ಮಲಗಿ ಬೆಳೆಯುತ್ತಾರೆ.

ಹಾವು, ನರ, ಸ್ನಾಯು

ಅಪ್ಪಣೆ ಸರಿಯಾಗಿ ಹೊರಟರೂ ದಾರಿಯಲ್ಲಿ ಕಳೆದುಹೋಗಬಹುದು. ಉಸಿರಿನ ಮುಖ್ಯ ಸ್ನಾಯು ವಪೆ. ಎದೆಗೂ ಹೊಟ್ಟೆಗೂ ನಡುವೆ ಕೊಡೆಯ ಹಾಗೆ ಹರಡಿಕೊಂಡಿದೆ. ಅದಕ್ಕೆ ಬರುವ ಫ್ರೆನಿಕ್ ನರ ಹೊರಡುವುದು ಕುತ್ತಿಗೆಯ ಮೂರು, ನಾಲ್ಕು, ಐದನೆಯ ಮಟ್ಟದಿಂದ. ಮರದಿಂದ ಬಿದ್ದವರ ಕುತ್ತಿಗೆ ಅಲುಗಾಡಿಸಬೇಡಿ ಎಂದು ಹೇಳುವುದರ ಹಿಂದೆ ಈ ನರವೂ ಇದೆ.

ಕರ್ನಾಟಕದ ಹಳ್ಳಿಗಳಲ್ಲಿ ಈ ಕೊಂಡಿಯನ್ನು ಕಳಚುವುದರಲ್ಲಿ ಕಟ್ಟುಹಾವಿನದು ದೊಡ್ಡ ಪಾತ್ರ. ಅದು ರಾತ್ರಿ ಓಡಾಡುವ ಹಾವು. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ನೋವು ಬಲು ಕಡಿಮೆ, ಊತ ಇರುವುದಿಲ್ಲ, ಗುರುತೂ ಸರಿಯಾಗಿ ಕಾಣದು. ನಸುಕಿನಲ್ಲಿ ಹೊಟ್ಟೆನೋವು ಎಂದು ಏಳುತ್ತಾರೆ. ಆಮೇಲೆ ರೆಪ್ಪೆ ಜೋತುಬೀಳುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ನುಂಗಲು ಆಗುವುದಿಲ್ಲ, ಕತ್ತು ನಿಲ್ಲುವುದಿಲ್ಲ. ಕೊನೆಗೆ ವಪೆ ಸೋಲುತ್ತದೆ. ಕಟ್ಟುಹಾವಿನ ವಿಷ ಸ್ನಾಯುವಿಗೆ ಸಂದೇಶ ದಾಟಿಸುವ ನರದ ತುದಿಯನ್ನೇ ಹಾಳುಗೆಡವುತ್ತದೆ. ಒಮ್ಮೆ ಹಾಳಾದ ಮೇಲೆ ಪ್ರತಿವಿಷ ಕೊಟ್ಟರೂ ತುದಿ ಮತ್ತೆ ಬೆಳೆಯಲು ದಿನಗಳೇ ಬೇಕು. ಅಷ್ಟು ದಿನ ವೆಂಟಿಲೇಟರ್ ಉಸಿರಾಡಿಸಿದರೆ ಮನುಷ್ಯ ಎದ್ದು ನಡೆದು ಮನೆಗೆ ಹೋಗುತ್ತಾನೆ. ನಾಗರಹಾವಿನ ವಿಷವೂ ಉಸಿರು ನಿಲ್ಲಿಸುತ್ತದೆ, ಆದರೆ ಅದು ಕೂರುವುದು ಸ್ನಾಯುವಿನ ಕಡೆಯ ಬೀಗದ ಮೇಲೆ. ಪ್ರತಿವಿಷದ ಜೊತೆ ನಿಯೋಸ್ಟಿಗ್ಮಿನ್ ಎಂಬ ಔಷಧಿ ಅಲ್ಲಿ ನೆರವಾಗುತ್ತದೆ.

ಈ ಸ್ಥಿತಿಯಲ್ಲಿರುವವರಿಗೆ ರೆಪ್ಪೆ ಎತ್ತಲಾಗದು, ಬೆರಳು ಅಲುಗಿಸಲಾಗದು. ನೋಡುವವರಿಗೆ ಹೆಣದಂತೆ ಕಾಣುತ್ತಾರೆ. ಅವರಿಗೆ ಪ್ರಜ್ಞೆ ಇರಬಹುದು, ಸುತ್ತಲಿನ ಮಾತೆಲ್ಲ ಕೇಳಿಸುತ್ತಿರಬಹುದು. ಮುಗಿದುಹೋಯಿತು ಎಂದು ಕೈಚೆಲ್ಲುವ ಮುನ್ನ ಇದನ್ನು ದಯವಿಟ್ಟು ನೆನಪಿಡಿ. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ ಎಂಬ ಅಂದಾಜಿದೆ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು. ಅಂದಿನಿಂದ ಆಸ್ಪತ್ರೆಗಳು ಇಂಥ ಪ್ರಕರಣಗಳನ್ನು ಸರ್ಕಾರಕ್ಕೆ ವರದಿ ಮಾಡಬೇಕು. ಮಂಚದ ಮೇಲೆ, ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದ ಸೊಳ್ಳೆಪರದೆಯೊಳಗೆ ಮಲಗುವುದು ಕಟ್ಟುಹಾವಿಗೆ ಒಳ್ಳೆಯ ತಡೆ.

ಹೊಲಕ್ಕೆ ಹೊಡೆಯುವ ಕೆಲವು ಕೀಟನಾಶಕಗಳು ದೇಹ ಸೇರಿದಾಗ ಇದೇ ನರ-ಸ್ನಾಯು ಸಂಧಿಯನ್ನು ಕೆಡಿಸುತ್ತವೆ. ಮೊದಲ ದಿನದ ಬೆವರು, ಜೊಲ್ಲು, ವಾಂತಿ ಚಿಕಿತ್ಸೆಯಿಂದ ಇಳಿಯುತ್ತವೆ. ಗುಣವಾಯಿತು ಎಂದು ಮನೆಯವರು ಹೊರಡಲು ಸಿದ್ಧರಾಗುತ್ತಾರೆ. ಒಂದರಿಂದ ನಾಲ್ಕು ದಿನದೊಳಗೆ ಕತ್ತು ಎತ್ತಲಾಗದೆ, ಉಸಿರು ಮೇಲುಮೇಲಿನದಾಗುವ ಎರಡನೆಯ ಹಂತ ಬರಬಹುದು. 1987ರಲ್ಲಿ ಶ್ರೀಲಂಕಾದ ವೈದ್ಯರು ಇದನ್ನು ಪ್ರತ್ಯೇಕ ಸ್ಥಿತಿಯೆಂದು ವಿವರಿಸಿದರು. ದಿಂಬಿನಿಂದ ತಲೆ ಎತ್ತಿ ಎಂದು ದಾದಿಯರು ದಿನವೂ ಹೇಳುವುದು ಸುಮ್ಮನೆ ಅಲ್ಲ.

2025ರ ಜನವರಿ-ಫೆಬ್ರವರಿಯಲ್ಲಿ ಪುಣೆಯಲ್ಲಿ ಇನ್ನೂರಕ್ಕೂ ಹೆಚ್ಚು ಶಂಕಿತ ಪ್ರಕರಣಗಳೊಂದಿಗೆ ಸುದ್ದಿಯಾದ ಗಿಲೆನ್-ಬಾರೆ ಕಾಯಿಲೆಯೂ ಇಲ್ಲಿಗೇ ಸೇರುತ್ತದೆ. ಹೊಟ್ಟೆ ಕೆಟ್ಟ ಕೆಲವು ದಿನಗಳ ನಂತರ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ನರಗಳ ಮೇಲೆ ತಿರುಗಿಬೀಳುತ್ತದೆ. ಬಲಹೀನತೆ ಕಾಲಿನಿಂದ ಮೇಲೇರುತ್ತ ಬಂದು ಎದೆ ಮುಟ್ಟಬಹುದು. ಸ್ನಾಯುಗಳು ಬೇಗ ದಣಿದು ಸೋಲುವ ಮಯಸ್ತೇನಿಯಾ ಗ್ರೇವಿಸ್, ಸ್ನಾಯುಕ್ಷಯದ ಕಾಯಿಲೆಗಳು, ಗೂನು ಬೆನ್ನು, ಪಕ್ಕೆಲುಬು ಮುರಿದು ನೋವಿಗೆ ಹೆದರಿ ಉಸಿರು ಹಿಡಿಯುವುದು ಇವನ್ನೆಲ್ಲ ಇದೇ ಪಟ್ಟಿಗೆ ಸೇರಿಸಬೇಕು. ಅತಿ ಬೊಜ್ಜಿನವರಲ್ಲಿ ಎದೆ ಮತ್ತು ಹೊಟ್ಟೆಯ ಭಾರ ವಪೆಯನ್ನು ಒತ್ತುತ್ತದೆ, ಮಿದುಳಿನ ಎಚ್ಚರವೂ ಕುಗ್ಗುತ್ತದೆ. ಗೊರಕೆ, ಹಗಲಿನ ತೂಕಡಿಕೆ, ಬೆಳಗಿನ ತಲೆನೋವು ಮೂರೂ ಇದ್ದರೆ ವಯಸ್ಸಾಯಿತು ಎಂದು ಸುಮ್ಮನಿರಬಾರದು.

97 ಏಕೆ ಸುಳ್ಳು ಸಮಾಧಾನ

ಮಾವನ ಕಥೆಗೆ ಮರಳೋಣ. ಬೀಡಿ, ಸೌದೆ ಒಲೆಯ ಹೊಗೆ ವರ್ಷಗಟ್ಟಲೆ ಶ್ವಾಸಕೋಶ ಕೆಡಿಸಿ ಬರುವ ಸಿಒಪಿಡಿ ಕಾಯಿಲೆಯಲ್ಲಿ ಗಾಳಿ ಒಳಗೆ ಹೋಗುತ್ತದೆ, ಹೊರಬರಲು ಹೆಣಗುತ್ತದೆ. ಇಂಗಾಲದ ಡೈಆಕ್ಸೈಡ್ ಮೆಲ್ಲಗೆ, ವರ್ಷಗಳ ಅವಧಿಯಲ್ಲಿ ಏರುತ್ತದೆ. ಮೂತ್ರಪಿಂಡಗಳು ಕ್ಷಾರ ಉಳಿಸಿಕೊಂಡು ಆಮ್ಲವನ್ನು ಸರಿದೂಗಿಸುತ್ತವೆ. ಹಾಗಾಗಿ ಕೆಲವರು 55ರಷ್ಟು ಮಟ್ಟದಲ್ಲೂ ಓಡಾಡಿಕೊಂಡಿರುತ್ತಾರೆ. ಅದೇ ಮಟ್ಟ ಒಂದು ಗಂಟೆಯಲ್ಲಿ ಏರಿದರೆ ಆರೋಗ್ಯವಂತರೂ ತಡೆಯರು.

ಇಂಥವರ ಶ್ವಾಸಕೋಶ ಒಂದು ಜಾಣತನ ಮಾಡಿರುತ್ತದೆ. ಗಾಳಿ ಸರಿಯಾಗಿ ತಲುಪದ ಭಾಗಗಳಿಗೆ ರಕ್ತದ ತೂಬನ್ನು ಅರ್ಧ ಮುಚ್ಚಿ, ಒಳ್ಳೆಯ ಭಾಗಗಳ ಕಡೆ ತಿರುಗಿಸಿರುತ್ತದೆ. ಆಮ್ಲಜನಕ ಧಾರಾಳವಾಗಿ ಸುರಿದಾಗ ಮುಚ್ಚಿದ ತೂಬುಗಳು ತೆರೆದುಕೊಳ್ಳುತ್ತವೆ, ಕೆಟ್ಟ ಭಾಗಗಳಿಗೆ ಹರಿದ ರಕ್ತ ತನ್ನ ಹೊಗೆಯನ್ನು ಇಳಿಸದೆ ಹಾಗೇ ಮರಳುತ್ತದೆ. ಆಮ್ಲಜನಕ ತುಂಬಿಕೊಂಡ ಹಿಮೋಗ್ಲೋಬಿನ್ ಇಂಗಾಲದ ಡೈಆಕ್ಸೈಡನ್ನು ಹೊರುವುದೂ ಕಡಿಮೆ. ಜೊತೆಗೆ ಉಸಿರಾಡುವ ತವಕ ಸ್ವಲ್ಪ ತಗ್ಗುತ್ತದೆ. ಆದ್ದರಿಂದಲೇ ಇಂಥ ರೋಗಿಗಳಿಗೆ ವೈದ್ಯರು ಇಟ್ಟುಕೊಳ್ಳುವ ಗುರಿ 88ರಿಂದ 92. ಮಾವನ 90 ಸರಿಯಾಗಿಯೇ ಇತ್ತು.

ಆಕ್ಸಿಮೀಟರ್ ಬೆರಳಿನ ಮೂಲಕ ಬೆಳಕು ಹಾಯಿಸಿ ರಕ್ತದ ಕೆಂಪಿನಿಂದ ಆಮ್ಲಜನಕವನ್ನು ಅಂದಾಜಿಸುತ್ತದೆ. 1970ರ ದಶಕದಲ್ಲಿ ಜಪಾನಿನ ತಕುವೊ ಅವೊಯಾಗಿ ಕಂಡುಹಿಡಿದ ತತ್ವ ಅದು, ಅಸಂಖ್ಯ ಜೀವ ಉಳಿಸಿದೆ. ಇಂಗಾಲದ ಡೈಆಕ್ಸೈಡನ್ನು ಅದು ಅಳೆಯುವುದೇ ಇಲ್ಲ. ಮೇಲಿನಿಂದ ಆಮ್ಲಜನಕ ಕೊಡುತ್ತಿದ್ದಾಗ ಕುಗ್ಗಿದ ಉಸಿರೂ ಒಳ್ಳೆಯ ಸಂಖ್ಯೆಯ ಹಿಂದೆ ಅಡಗಿಕೊಳ್ಳುತ್ತದೆ. ಹಾಗೆಂದು ಸಿಒಪಿಡಿ ಇರುವವರಿಗೆ ಆಮ್ಲಜನಕ ನಿಲ್ಲಿಸಿಬಿಡುವುದೂ ಸರಿಯಲ್ಲ. ಆಮ್ಲಜನಕದ ಕೊರತೆ ಇನ್ನೂ ಬೇಗ ಕೊಲ್ಲುತ್ತದೆ. ವೈದ್ಯರು ಹೇಳಿದ ಗುರಿಯೊಳಗೆ ಕೊಡಬೇಕು.

ಮನೆಯಲ್ಲಿ ನೋಡುವುದು ಹೇಗೆ

ಉಸಿರು ಎಣಿಸಲು ಗಡಿಯಾರ ಸಾಕು. ಎದೆ ಅಥವಾ ಹೊಟ್ಟೆ ಒಮ್ಮೆ ಏರಿ ಇಳಿದರೆ ಒಂದು. ಪೂರ್ತಿ ಒಂದು ನಿಮಿಷ ಎಣಿಸಿ, ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪಾಗುತ್ತದೆ. ಎಣಿಸುತ್ತಿದ್ದಾರೆ ಎಂದು ತಿಳಿದರೆ ಯಾರ ಉಸಿರೂ ಬದಲಾಗುತ್ತದೆ. ಅನುಭವಿ ದಾದಿಯರು ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿದುಕೊಂಡೇ ಕಣ್ಣನ್ನು ಎದೆಯ ಮೇಲಿಟ್ಟಿರುತ್ತಾರೆ.

ಸ್ನಾಯು ಸೋಲುತ್ತಿರುವ ಅನುಮಾನವಿದ್ದರೆ ವೈದ್ಯರು ಮಾಡಿಸುವ ಸರಳ ಪರೀಕ್ಷೆಯೊಂದಿದೆ. ಆಳವಾಗಿ ಉಸಿರೆಳೆದು, ಮತ್ತೆ ಉಸಿರೆಳೆಯದೆ, ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸಬೇಕು. ಆರೋಗ್ಯವಂತರು ಮೂವತ್ತು ದಾಟುತ್ತಾರೆ. ಇಪ್ಪತ್ತು ತಲುಪಲಾಗದಿದ್ದರೆ, ಗಂಟೆಯಿಂದ ಗಂಟೆಗೆ ಎಣಿಕೆ ಇಳಿಯುತ್ತಿದ್ದರೆ ಎಚ್ಚರ ಬೇಕು.

ಎರಡು ಸಂದರ್ಭಗಳಲ್ಲಿ ಕಣ್ಣು ಮೋಸಹೋಗುತ್ತದೆ. ಗಂಟೆಗಟ್ಟಲೆ ಉಬ್ಬಸದಿಂದ ಒದ್ದಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಶಾಂತವಾಗುತ್ತದೆ, ಸುಯ್‌ಗುಟ್ಟುವ ಸದ್ದೂ ನಿಲ್ಲುತ್ತದೆ. ಔಷಧಿ ಹಿಡಿದು ಮಗು ಗೆಲುವಾಗಿ ಮಾತಾಡುತ್ತಿದ್ದರೆ ಸಂತೋಷ. ಮಂಕಾಗಿ, ತುಟಿ ನೀಲಿಗಟ್ಟಿ, ಕೂಗಿದರೆ ತಿರುಗದಿದ್ದರೆ ಅದು ದಣಿದು ಸೋತ ಸ್ನಾಯುವಿನ ಶಾಂತಿ. ಎರಡನೆಯದು ಕುಸಿದುಬಿದ್ದವರ ಬಾಯಿ ಆಗಾಗ ತೆರೆದು ಗೊರ್ ಎಂದು ಎಳೆಯುವ ಉಸಿರು. "ಉಸಿರಾಡುತ್ತಿದ್ದಾರೆ, ಏನಾಗಿಲ್ಲ" ಎಂದುಕೊಳ್ಳುತ್ತಾರೆ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಬರುವ ಈ ಎಳೆತ ಉಸಿರಾಟವೇ ಅಲ್ಲ. ಎಚ್ಚರವಿಲ್ಲ, ಸರಿಯಾದ ಉಸಿರಿಲ್ಲ ಎಂದರೆ 108ಕ್ಕೆ ಕರೆಮಾಡಿ, ತಕ್ಷಣ ಎದೆ ಒತ್ತಲು ಆರಂಭಿಸಬೇಕು.

ವಯಸ್ಕರ ಉಸಿರು ಹತ್ತಕ್ಕಿಂತ ಕೆಳಗಿದ್ದು ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ರೆಪ್ಪೆ ಜೋತುಬಿದ್ದರೆ, ಮಾತು ತೊದಲಿದರೆ ಕಾಯುವ ಹೊತ್ತಲ್ಲ. ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಔಷಧಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಕಾರಣ ಹಲವು ಸಲ ಆ ಚೀಲದಲ್ಲೇ ಸಿಗುತ್ತದೆ.

ಆಸ್ಪತ್ರೆಯಲ್ಲಿ

ಮಣಿಕಟ್ಟಿನ ಅಪಧಮನಿಯಿಂದ ತೆಗೆದ ರಕ್ತ ನಿಜವನ್ನು ಹೇಳುತ್ತದೆ. ಸಾಮಾನ್ಯ ಸೂಜಿಗಿಂತ ಇದು ಹೆಚ್ಚು ನೋಯುತ್ತದೆ, ಆದರೆ ಇಂಗಾಲದ ಡೈಆಕ್ಸೈಡ್, ಆಮ್ಲಜನಕ, ಪಿಎಚ್ ಮೂರೂ ಕೆಲವೇ ನಿಮಿಷಗಳಲ್ಲಿ ತಿಳಿಯುತ್ತವೆ. ಕಾರಣಕ್ಕೆ ತಕ್ಕ ಪ್ರತಿಮದ್ದು ಒಂದು ಕಡೆ, ಅದು ಕೆಲಸ ಮಾಡುವವರೆಗೆ ಉಸಿರನ್ನು ನಡೆಸುವುದು ಇನ್ನೊಂದು ಕಡೆ. ಎಚ್ಚರವಿದ್ದು ಕಫ ಉಗುಳಬಲ್ಲವರಿಗೆ ಮುಖಕ್ಕೆ ಬಿಗಿಯಾಗಿ ಕಟ್ಟುವ ಬೈಪ್ಯಾಪ್ ಯಂತ್ರ ಸಾಕಾಗಬಹುದು. ಉಸಿರೆಳೆಯುವಾಗ ಹೆಚ್ಚು ಒತ್ತಡ, ಬಿಡುವಾಗ ಕಡಿಮೆ ಒತ್ತಡ ಕೊಟ್ಟು ಅದು ದಣಿದ ಸ್ನಾಯುವಿನ ಹೊರೆ ಹಂಚಿಕೊಳ್ಳುತ್ತದೆ. ಅಷ್ಟೂ ಆಗದವರಿಗೆ ಗಂಟಲಿಗೆ ಕೊಳವೆ, ವೆಂಟಿಲೇಟರ್.

ಮಾವನಿಗೆ ಆಮ್ಲಜನಕ ಇಳಿಸಿ ಬೈಪ್ಯಾಪ್ ಹಾಕಿದರು. ಮುಖವಾಡ ಕಿತ್ತೆಸೆಯಲು ರಾತ್ರಿಯಿಡೀ ಹೆಣಗಿದರು. ಬೆಳಗಿನ ಜಾವ 84 ಇದ್ದದ್ದು 61ಕ್ಕೆ ಇಳಿದಾಗ ಕಣ್ಣು ತೆರೆದು ಕಾಫಿ ಕೇಳಿದರು. ಈಗ ಮನೆಯ ಯಂತ್ರದ ಗುಂಡಿಯ ಮೇಲೆ ಬ್ಯಾಂಡೇಜಿನ ಪಟ್ಟಿ ಅಂಟಿಸಿದೆ, ಒಂದು ಲೀಟರಿಗಿಂತ ಮುಂದೆ ತಿರುಗುವುದಿಲ್ಲ. ಅತ್ತೆ ಮಲಗುವ ಮುನ್ನ ಅವರ ಮಣಿಕಟ್ಟು ಹಿಡಿದು ಕೂರುತ್ತಾರೆ, ಗೋಡೆಯ ಗಡಿಯಾರದ ಸೆಕೆಂಡ್ ಮುಳ್ಳು ಒಂದು ಸುತ್ತು ಬರುವವರೆಗೆ. ಆಮೇಲೆ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಅದೇ ಚೌಕದಲ್ಲಿ ಪುಟ್ಟದಾಗಿ ಒಂದು ಸಂಖ್ಯೆ ಬರೆಯುತ್ತಾರೆ. ಮೊನ್ನೆ ನಾನು ಹೋದ ದಿನ ಅಲ್ಲಿ 16 ಇತ್ತು.